ಮೂರನೆಯ ಇಂಜೆಕ್ಟರ್

ವಿಮಾನ ಕಟ್ಟಿದವನು ಅಣ್ಣ, ಅದರ ಭಾಗಗಳಿಗೆ ‘ಸರಿ’ ಎಂದು ಚೀಟಿ ಅಂಟಿಸಿದವಳು ತಂಗಿ. ಅಣ್ಣ ಲೇತ್ ಕೆಲಸದವನು. ಏಳು ವರ್ಷದ ಭಾನುವಾರಗಳನ್ನೆಲ್ಲ ಶೆಡ್ಡಿಗೆ ಸುರಿದು ಒಂದು ಪುಟ್ಟ ವಿಮಾನವನ್ನು ಎದ್ದು ನಿಲ್ಲಿಸಿದ್ದ. ತಂಗಿಗೆ ಔಷಧದಂಗಡಿ. ಅವಳು ನೀರನ್ನೂ ಅಳೆದೇ ಕುಡಿಯುವವಳು ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಅತ್ತಿಗೆಯಂತೂ ನಾದಿನಿಗೆ ‘ತೂಕದಮ್ಮ’ ಎಂದೇ ಹೆಸರಿಟ್ಟಿದ್ದಳು.

ಎರಡು ತಿಂಗಳ ಹಿಂದೆ ಆ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ಎಂಜಿನ್ ಕೆಮ್ಮಿ ನಿಂತುಹೋಯಿತು. ಅಣ್ಣ ಹೇಗೋ ರನ್‌ವೇ ಸಿಗುವ ಮೊದಲೇ ಹುಲ್ಲಿನ ಮೇಲೆ ಕೂರಿಸಿದ. ಒಂದು ಗಾಲಿ ಮುರಿಯಿತು, ಅವನ ಕೂದಲೂ ಕೊಂಕಲಿಲ್ಲ. ಅತ್ತಿಗೆ ಅಳಲಿಲ್ಲ, ಕಿರುಚಲಿಲ್ಲ. “ಇನ್ನೊಂದು ಸಲ ಕೆಮ್ಮಿದ್ರೆ ಗರಗಸ ತರ್ತೀನಿ. ನಾನೇ ಕೊಯ್ದು ಒಲೆಗೆ ಹಾಕ್ತೀನಿ,” ಎಂದಳಷ್ಟೆ. ಆಕೆ ಹೇಳಿದ್ದನ್ನು ಮಾಡುವ ಹೆಂಗಸು.

ಆ ಎಂಜಿನ್ ಕೂಡ ಎಲ್ಲದರ ಹಾಗಿನದಲ್ಲ. ಹಳೇ ಕಾರೊಂದರಿಂದ ಕಿತ್ತು ತಂದ ರೋಟರಿ ಎಂಜಿನ್. ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಹೊಟ್ಟೆ ಉಬ್ಬಿದ ಮುಕ್ಕೋಣದಂಥ ಎರಡು ರೋಟರುಗಳು ಸುತ್ತುತ್ತವೆ. ಒಂದೊಂದಕ್ಕೆ ಎರಡೆರಡರಂತೆ ನಾಲ್ಕು ಇಂಜೆಕ್ಟರ್. ಹೆಬ್ಬೆರಳುದ್ದದ ಈ ನಳಿಗೆಗಳು ಕರೆಂಟು ತಾಗಿದಾಗ ಬಾಯಿ ತೆರೆದು ಪೆಟ್ರೋಲ್ ಉಗುಳುತ್ತವೆ. ಕೆಮ್ಮಿಗೆ ಅವೇ ಕಾರಣವೆಂದು ಅಣ್ಣ ನಾಲ್ಕನ್ನೂ ಕಿತ್ತಿಟ್ಟಿದ್ದ. ಬಿಡಿಭಾಗದ ಅಂಗಡಿಯವನು ಬದಲಿಗೆ ಎರಡು ಸೆಟ್ ಕಳಿಸಿದ್ದ, ಒಂದು ದೊಡ್ಡ ಬಾಯಿಯದು, ಒಂದು ಸಣ್ಣ ಬಾಯಿಯದು. ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕಿತ್ತು.

“ದೊಡ್ಡದೇ ಇರ್ಲಿ ಕಣೇ,” ಎಂದ ಅಣ್ಣ. “ಜಾಸ್ತಿ ಇದ್ರೆ ನಷ್ಟ ಏನು?”

“ಔಷಧೀನೂ ಹಂಗೇ ಕೊಡ್ಲಾ? ಅಳೆದು ನೋಡೋಣ ತಾಳು.”

ಅಳೆಯುವ ವ್ಯವಸ್ಥೆ ಶೆಡ್ಡಿನಲ್ಲೇ ಇತ್ತು. ಅಣ್ಣ ಮಾಡಿದ ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ಪಂಪು, ಸಾಲಾಗಿ ನಾಲ್ಕು ಇಂಜೆಕ್ಟರ್. ಕೆಳಗೆ ತಂಗಿಯ ಅಂಗಡಿಯಿಂದ ಬಂದ ಗೆರೆ ಕೊರೆದ ನಾಲ್ಕು ಗಾಜಿನ ಅಳತೆಪಾತ್ರೆ. ಪೆಟ್ರೋಲಿನ ಬದಲು ಬೇಗ ಹೊತ್ತಿಕೊಳ್ಳದ ಎಣ್ಣೆ. ಗುಂಡಿ ಒತ್ತಿದರೆ ಬಾಯಿ ತೆರೆಯುತ್ತದೆ, ಇನ್ನೊಂದು ಒತ್ತಿದರೆ ಮುಚ್ಚುತ್ತದೆ. ಒಂದು ನಿಮಿಷ ಸುರಿಸಿದರು. ಸಣ್ಣ ಸೆಟ್ಟಿನವು ನಾನೂರು ನಾನೂರು ಮಿಲಿ, ದೊಡ್ಡವು ಏಳುನೂರು ಏಳುನೂರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಆಯ್ಕೆಗೆ ದಾರಿಯೇ ತೋಚದೆ ತಂಗಿ ತಲೆ ಕೆರೆದುಕೊಂಡಳು.

“ಅಣ್ಣ, ಹಳೇವನ್ನೂ ಹೋದ ವರ್ಷ ಹೀಗೇ ಅಳೆದಿದ್ವಲ್ಲ? ಅವೂ ಒಂದೇ ಸಮ ಇದ್ವು. ಮತ್ಯಾಕೆ ಕೆಮ್ತು?”

“ಕಸ ಸಿಕ್ಕಿರುತ್ತೆ ಬಿಡು.”

ಫಿಲ್ಟರ್ ಬಿಚ್ಚಿ ನೋಡಿದವಳು ಅವಳೇ. ಅದು ತೊಳೆದಿಟ್ಟ ತಟ್ಟೆಯಂತಿತ್ತು. ಕಸವಲ್ಲದಿದ್ದರೆ ಮತ್ತೇನು? ತಲೆಯೊಳಗೆ ಹುಳ ಹೊಕ್ಕಿತು, ಊಟದ ರುಚಿಯೂ ತಿಳಿಯಲಿಲ್ಲ.

ಮರುದಿನ ಅಂಗಡಿಗೆ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ಬಂದಳು. ಮೊದಲು ಒಯ್ಯುತ್ತಿದ್ದ ಕಂಪನಿಯ ಬಾಟಲಿ ಇರಲಿಲ್ಲವಾಗಿ ತಂಗಿ ಬೇರೆ ಕಂಪನಿಯದನ್ನು ಕೊಟ್ಟು, ನೂರು ಸಲ ಹೇಳಿದ ಮಾತನ್ನೇ ಹೇಳಿದಳು: “ಔಷಧಿ ಅದೇ, ಡ್ರಾಪರ್ ಬೇರೆ. ಇದರ ಹನಿ ದೊಡ್ಡದು, ಹತ್ತರ ಬದಲು ಏಳು ಹಾಕಿ. ಸುರಿದ್ರೆ ಎರಡೂ ಒಂದೇ ಥರ ಕಾಣುತ್ತೆ, ವ್ಯತ್ಯಾಸ ಇರೋದು ಹನೀಲಿ.”

ತಾಯಿ ತಲೆಯಾಡಿಸಿ ಹೋದಳು. ತಂಗಿ ಮಾತ್ರ ನಿಂತಲ್ಲೇ ನಿಂತಳು. ಊರಿನ ಕೂಸುಗಳಿಗೆಲ್ಲ ಹೇಳುವ ಬುದ್ಧಿ ತನ್ನ ಒಡಹುಟ್ಟಿದವನ ವಿಷಯದಲ್ಲಿ ಎಲ್ಲಿ ಮೇಯಲು ಹೋಗಿತ್ತು? ಫೋನ್ ಎತ್ತಿದಳು.

“ಅಣ್ಣ, ಇಳಿಯುವಾಗ ಇಂಜೆಕ್ಟರ್ ಸುರಿಯುತ್ತೋ, ತೊಟ್ಟಿಕ್ಕುತ್ತೋ?”

“ತೊಟ್ಟಿಕ್ಕುತ್ತೆ ಅನ್ನು. ಕಣ್ಣು ಮಿಟುಕಿಸೋದ್ರೊಳಗೆ ಏಳೆಂಟು ಸಲ ಬಾಯಿ ಬಿಡುತ್ತೆ, ಒಂದೊಂದು ಸಲಕ್ಕೆ ಎಳ್ಳುಕಾಳಿನಷ್ಟು.”

“ನಾವು ಅಳೆದಿದ್ದು?”

ಆ ಕಡೆ ಲೇತಿನ ಸದ್ದು ನಿಂತಿತು. “ಸುರಿದಿದ್ದು,” ಎಂದ ಅಣ್ಣ.

ಎರಡು ದಿನದಲ್ಲಿ ಅವನು ಎಂಜಿನ್ನಿನ ಪುಟ್ಟ ಕಂಪ್ಯೂಟರನ್ನೇ ತಂದು ಚೌಕಟ್ಟಿಗೆ ಜೋಡಿಸಿದ. ಈಗ ಇಂಜೆಕ್ಟರ್ ಇಳಿಯುವಾಗಿನಂತೆಯೇ ಟಕಟಕ ಎಂದು ಸಾವಿರ ಸಲ ಬಾಯಿ ತೆರೆದು ಮುಚ್ಚಿ ತಾನಾಗಿ ನಿಲ್ಲುತ್ತಿತ್ತು. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತಾರೆ. ಇಲ್ಲಿ ಗೂಡಿದ್ದು, ತಂಗಿ ಈ ಸಲ ತಂದಿಟ್ಟ ಸಪೂರ ಅಳತೆಪಾತ್ರೆಗಳ ತಳದಲ್ಲಿ ಎರಡು ಬೆರಳಷ್ಟು. ಅಷ್ಟು ಸಾಕಿತ್ತು. ದೊಡ್ಡ ಸೆಟ್ಟು: ಇಪ್ಪತ್ತು, ಇಪ್ಪತ್ನಾಲ್ಕು, ಹದಿನೇಳು, ಇಪ್ಪತ್ತೆರಡು. ಸುರಿಯುವಾಗ ಒಗ್ಗಟ್ಟಿನಲ್ಲಿದ್ದ ನಾಲ್ವರೂ ಹನಿಗೆ ಬಂದಾಗ ನಾಲ್ಕು ದಿಕ್ಕು. ಸಣ್ಣ ಸೆಟ್ಟು: ಹದಿಮೂರು, ಹದಿಮೂರು, ಹದಿಮೂರು, ಹದಿಮೂರು. ತಂಗಿ ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಎರಡೆರಡು ಸಲ ನೋಡಿದಳು.

“ಏರೋದಕ್ಕೆ ಸಾಕಾಗುತ್ತಾ ಇದು?”

“ಪೂರ್ತಿ ಜೋರಲ್ಲಿ ಓಡುವಾಗ ಎಂಜಿನ್ನಿಗೆ ನಿಮಿಷಕ್ಕೆ ಒಂದು ಲೀಟರ್ ಚಿಲ್ಲರೆ ಬೇಕು. ಇವು ನಾಲ್ಕೂ ಸೇರಿ ಒಂದೂವರೆ ಮೇಲೇ ಕೊಡ್ತವೆ. ಧಾರಾಳ ಆಯ್ತು,” ಎಂದು ಅಣ್ಣ ದೊಡ್ಡ ಸೆಟ್ಟನ್ನು ಪೆಟ್ಟಿಗೆಗೆ ಹಾಕಿದ. ದೊಡ್ಡದರ ಆಸೆ ಅಷ್ಟು ಸುಲಭವಾಗಿ ಬಿಟ್ಟನಲ್ಲ ಎಂದು ತಂಗಿಗೇ ಆಶ್ಚರ್ಯ.

“ಈಗ ಹಳೇವನ್ನ ಕೊಡು.”

“ಬಿಸಾಕೋದನ್ನ ಅಳೆದು ಏನ್ಮಾಡ್ತೀಯೇ?”

“ಕೊಡು ಅಂದ್ನಲ್ಲ.”

ಹದಿಮೂರು, ಹದಿಮೂರು. ಮೂರನೆಯದು ಒಂಬತ್ತು. ನಾಲ್ಕನೆಯದು ಹದಿಮೂರು.

ಆ ಮೂರನೆಯ ಇಂಜೆಕ್ಟರಿನ ಕುತ್ತಿಗೆಯಲ್ಲಿ ಹೋದ ವರ್ಷದ ಚೀಟಿ ಇನ್ನೂ ಅಂಟಿಕೊಂಡಿತ್ತು. ‘ಸರಿ’, ಕೆಳಗೆ ಅವಳದೇ ಸಹಿ. ಇಳಿಯುವಾಗ ಒಂದು ರೋಟರಿಗೆ ಪೆಟ್ರೋಲ್ ಸಾಲದೆ ಎಂಜಿನ್ ಕೆಮ್ಮಿದ್ದು ಇದರಿಂದಲೇ. ಇಷ್ಟು ದಿನ ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಸಿಗದಿದ್ದರೇ ಚೆನ್ನಾಗಿತ್ತು ಎಂದು ತಂಗಿಗೆ ಎನಿಸಿತು.

“ಕಸ ಅಲ್ಲ ಅಣ್ಣ. ನಾನು. ದಿನಾ ಹನಿ ಎಣಿಸೋಳು ನಾನು, ನಿನ್ನದಕ್ಕೆ ಸುರಿದು ನೋಡಿ ಸಹಿ ಹಾಕ್ಬಿಟ್ಟೆ.”

ಅಣ್ಣ ಕೈ ಒರೆಸಿಕೊಂಡ. “ತೆರೆ, ಮುಚ್ಚು ಅಂತ ಎರಡೇ ಗುಂಡಿ ಇಟ್ಟೋನು ನಾನು. ಹೋಗ್ಲಿ, ಹೊಸದಕ್ಕೆ ಚೀಟಿ ಅಂಟ್ಸು.”

ಅವಳು ‘ಸರಿ’ ಎಂದು ಬರೆಯಲಿಲ್ಲ. ‘ಇಳಿಯುವ ಹದದಲ್ಲಿ ಸಾವಿರ ಸಲ: ಹದಿಮೂರು’ ಎಂದು ನಾಲ್ಕು ಚೀಟಿ ಬರೆದು ಅಂಟಿಸಿದಳು.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಅತ್ತಿಗೆಯೂ ಬಂದಳು, ಕೈಯಲ್ಲಿ ನಿಜವಾಗಿಯೂ ಗರಗಸ! ಹಲ್ಲುಗಳಿಗೆ ಹಳೇ ಬಟ್ಟೆ ಸುತ್ತಿದ್ದಳು. ರಿಪೇರಿಯಾದ ಮೇಲಿನ ಮೊದಲ ಹಾರಾಟಕ್ಕೆ ಒಬ್ಬನೇ ಹೋಗಬೇಕು. ಅಣ್ಣ ಏರಿದ; ವಿಮಾನ ಮೇಲೆ ಒಂದು ಸುತ್ತು ಹಾಕತೊಡಗಿತು. ತಂಗಿಗೆ ಇನ್ನು ತಡೆಯಲಾಗಲಿಲ್ಲ.

“ಅತ್ತಿಗೆ, ಹೋದ ಸಲದ ತಪ್ಪು ನನ್ನದು. ಸರಿಯಾಗಿ ಅಳೆದಿರಲಿಲ್ಲ.”

ಅತ್ತಿಗೆ ಗರಗಸವನ್ನು ಎಡಗೈಗೆ ಬದಲಾಯಿಸಿಕೊಂಡಳು. ಕಣ್ಣನ್ನು ವಿಮಾನದಿಂದ ಕೀಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ವಿಮಾನ ತಿರುಗಿ ಇಳಿಯಲು ಬಂತು. ಅಣ್ಣ ಪೆಟ್ರೋಲ್ ತಗ್ಗಿಸಿದ. ಮೊರೆತ ಒಮ್ಮೆಲೇ ಕುಗ್ಗಿ, ಗಾಳಿಯ ಸದ್ದೇ ಹೆಚ್ಚಾಯಿತು. ಹಿಂದಿನ ಸಲ ಕೆಮ್ಮಿದ್ದು ಇಲ್ಲೇ. ಅತ್ತಿಗೆಯ ಬಲಗೈ ನಾದಿನಿಯ ಮಣಿಕಟ್ಟನ್ನು ಹಿಡಿದುಕೊಂಡಿತು, ಉಗುರು ನೆಡುವಷ್ಟು.

“ನಿಂತೋಯ್ತಾ?”

ತಂಗಿ ಕಿವಿಗೊಟ್ಟಳು. ಎಂಜಿನ್ನಿನ ಸದ್ದು ತೆಳ್ಳಗೆ, ಒಂದೇ ಸಮ.

“ಇಲ್ಲ ಅತ್ತಿಗೆ. ತೊಟ್ಟಿಕ್ತಾ ಇದೆ.”

ಮೂರು ಗಾಲಿಗಳೂ ಒಂದರ ಹಿಂದೊಂದು ರನ್‌ವೇ ಮುಟ್ಟಿದವು. ಅತ್ತಿಗೆ ಗಟ್ಟಿಯಾಗಿ ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ಗರಗಸವನ್ನು ನಾದಿನಿಯ ಮುಂದೆ ಚಾಚಿದಳು.

“ತಗೋ ತೂಕದಮ್ಮ, ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ. ಕೊಯ್ಯಬೇಕೋ ಬೇಡ್ವೋ, ನೀನೇ ಅಳೆದು ಹೇಳು.”