ಎರಡು ಗುಂಡಿನ ಮಾತು

ನನ್ನಂಥ ಒಂದು ಜೋಡುನಳಿಗೆ ಕೋವಿ ಮನೆಗೆ ಬರಬೇಕಾದರೆ ಬೇರೆ ಕಡೆಯವರು ಏನೇನು ತೆರಬೇಕು ಗೊತ್ತೇ? ಕೋವಿಯ ಬೆಲೆ ಇದ್ದೇ ಇದೆ. ಅದರ ಮೇಲೆ ಅರ್ಜಿಯ ಶುಲ್ಕ, ಫೋಟೋಗಳು, ಠಾಣೆಗೂ ಕಚೇರಿಗೂ ತಿರುಗಿ ಸವೆಸಿದ ಚಪ್ಪಲಿ. ವಿಚಾರಣೆಗೆ ಬಂದವರ ಮುಂದೆ ‘ಒಳ್ಳೆಯ ಮನುಷ್ಯ’ ಎನ್ನಲಿ ಎಂದು ಅಕ್ಕಪಕ್ಕದವರಿಗೆ ಕುಡಿಸಿದ ಕಾಫಿ. ಇಷ್ಟಾದ ಮೇಲೂ ಲೈಸೆನ್ಸ್ ಬರಬಹುದು, ಬಾರದೆಯೂ ಇರಬಹುದು.

ಕೊಡಗಿನ ಕರಿಮೊಟ್ಟಂಡ ಮನೆಯವರು ನನಗಾಗಿ ತೆತ್ತದ್ದು ಒಂದು ಜೊತೆ ಕೋಣ ಮತ್ತು ಮೂರು ಮಾತು. ಕೋಣಗಳನ್ನು ಎಲ್ಲರೂ ಬೇಗ ಮರೆತರು. ಮೂರು ಮಾತಿನ ಬೆಲೆಯನ್ನು ಮಾತ್ರ ಬಹಳ ಕಾಲ ತೆರುತ್ತ ಬಂದರು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬೆಂಕಿಯಲ್ಲಿ ಕಾದು, ಸುತ್ತಿಗೆಯಲ್ಲಿ ಬಡಿಸಿಕೊಂಡು, ಎಣ್ಣೆಯಲ್ಲಿ ಮಿಂದು ಎರಡು ನಳಿಗೆಗಳು ಒಂದಾದವು. ಹಿಂದೆ ಅಕ್ರೋಟು ಮರದ ಹಿಡಿ ಕೂತಿತು. ನನ್ನನ್ನು ಹಡಗಿನಲ್ಲಿ ತಂದವನು ಕಾಫಿ ತೋಟದ ಒಬ್ಬ ದೊರೆ. ಆತ ನನ್ನನ್ನು ಬೆಂಕಿಗೂಡಿನ ಮೇಲೆ ನೇತುಹಾಕಿ, ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂತು, ದೊರೆ ಗಂಟು ಕಟ್ಟಿದ. ಪಟ್ಟಾಳದಿಂದ ಆಗಷ್ಟೇ ಊರಿಗೆ ಮರಳಿದ್ದ ಕರಿಮೊಟ್ಟಂಡ ಪೆಮ್ಮಯ್ಯ ತನ್ನ ಉಳುವ ಕೋಣಗಳನ್ನು ಮಾರಿ ನನ್ನನ್ನು ಕೊಂಡ.

ಮನೆಗೆ ಬಂದ ದಿನ ಪೆಮ್ಮಯ್ಯ ನನ್ನನ್ನು ಗೋಡೆಗೆ ಹಾಕಲಿಲ್ಲ. ಮನೆಯ ನಡುವಿನ ದೊಡ್ಡ ಹಜಾರದಲ್ಲಿ, ಮನೆತನದ ಗತಿಸಿದ ಹಿರಿಯರಾದ ಗುರುಕಾರಣರಿಗೆ ಹಚ್ಚಿದ ತೂಗುದೀಪದ ಕೆಳಗೆ ಮಲಗಿಸಿದ. ಪಳಂಗಪ್ಪ, ಚಿಟ್ಟಿಯಪ್ಪ ಎಂಬ ಇಬ್ಬರು ಗಂಡುಮಕ್ಕಳನ್ನು ಎದುರಿಗೆ ಕೂರಿಸಿಕೊಂಡ. ಹಿರಿಯವನಿಗೆ ಆಗ ಇನ್ನೂ ಹಾಲುಹಲ್ಲು, ಕಿರಿಯವನು ಅಮ್ಮನ ಮಡಿಲಲ್ಲಿದ್ದ.

“ನಾವು ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಅಂತ ಸರಕಾರ ಬಿಟ್ಟಿದೆ. ನಮ್ಮನ್ನು ನಂಬಿ ಬಿಟ್ಟದ್ದು,” ಎಂದ. “ಮೂರು ಮಾತು ಕೇಳಿ. ಕೋಪದಲ್ಲಿ ಇದನ್ನು ಮುಟ್ಟುದಿಲ್ಲ. ಕುಡಿದು ಮುಟ್ಟುದಿಲ್ಲ. ಇದರ ಬಾಯಲ್ಲಿ ಸುಳ್ಳು ಹೇಳಿಸುದಿಲ್ಲ. ತಪ್ಪಿದವನು ಮತ್ತೆ ಇದನ್ನು ಮುಟ್ಟುದೇ ಇಲ್ಲ.”

ಮೂರನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಡವರ ಮನೆಯಲ್ಲಿ ಕೋವಿ ಮಾತಾಡುತ್ತದೆ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು. ಊರಿನವರು ಕೇಳಿ ನಗುತ್ತಾರೆ. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಅದನ್ನು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಅದಕ್ಕೇ ನಮ್ಮ ಮನೆಯಲ್ಲಿ ಗದ್ದೆಯ ಹಂದಿ ಓಡಿಸಲು ಹೊರಟರೆ ಒಂದೇ ತೋಟಾ ತುಂಬುವುದು. ಇನ್ನೊಂದು ನಳಿಗೆ ಖಾಲಿ. ಕೈ ಜಾರಿದರೂ ಎರಡು ಕೇಳಬಾರದು. ನನ್ನಲ್ಲಿ ಎರಡು ನಳಿಗೆಗಳಿದ್ದರೂ ಒಂದರ ಬಾಯಿ ಮುಚ್ಚಿಸಿಯೇ ಇಟ್ಟಿದ್ದರು. ಅದು ನನಗೆ ಅವಮಾನವಲ್ಲ, ಹೆಮ್ಮೆ. ಕೇಳಿದ ಕೂಡಲೇ ಜನ ನಂಬುವಂಥ ಮಾತು ಎಷ್ಟು ಬಾಯಿಗಿದೆ?

ಪೆಮ್ಮಯ್ಯ ಹಣ್ಣಾಗಿ ಮಂಚ ಹಿಡಿದಾಗ ನಾನು ಪಳಂಗಪ್ಪನ ಕೈಗೆ ಬಂದೆ. ಎತ್ತರದ ಆಳು, ಕಡಿಮೆ ಮಾತು. ನನ್ನನ್ನು ಒರೆಸುವಾಗ ಉಸಿರು ಬಿಗಿಹಿಡಿದು ಒರೆಸುತ್ತಿದ್ದ, ನಿದ್ದೆ ಹೋದ ಮಗುವನ್ನು ಮುಟ್ಟುವ ಹಾಗೆ. ಚಿಟ್ಟಿಯಪ್ಪ ಅದಕ್ಕೆ ತದ್ವಿರುದ್ಧ. ನಗು, ಹಾಡು, ಗಡಿಬಿಡಿ. ತೆಂಗಿನಕಾಯಿಗೆ ಗುರಿ ಇಡುವ ಪಂದ್ಯದಲ್ಲಿ ಮಾತ್ರ ಅವನನ್ನು ಮೀರಿಸಿದವರಿರಲಿಲ್ಲ. ಗೆದ್ದ ಕಾಯನ್ನು ಅಣ್ಣನ ಮಡಿಲಿಗೆ ಹಾಕಿ, “ಸಾರಿಗೆ ಹಾಕಿಸು, ಅಣ್ಣ, ಕೋವಿ ಒರೆಸಿದ ಕೂಲಿ,” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಪಳಂಗಪ್ಪ ಸಂತೆಗೆ ಹೋಗಿದ್ದ. ಚಿಟ್ಟಿಯಪ್ಪನ ಹೆಂಡತಿಗೆ ಹೆರಿಗೆಯಾಯಿತು. ಗಂಡುಮಗು. ಚಿಟ್ಟಿಯಪ್ಪ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ. ಬಾಗಿಲು ದಾಟುವಷ್ಟರಲ್ಲಿ ಒಳಗಿನಿಂದ ಸೂಲಗಿತ್ತಿ ಕೂಗಿದಳು: “ನಿಲ್ಲಿ, ಇನ್ನೊಂದುಂಟು! ಅದೂ ಗಂಡೇ!”

ಆ ಮನುಷ್ಯ ಏನು ಮಾಡಬೇಕು ಹೇಳಿ. ಮಗುವಿಗೊಂದು ಎಂದು ಲೆಕ್ಕ ಹಾಕಿದ. ಆಕಾಶಕ್ಕೆ ನನ್ನನ್ನು ಎತ್ತಿ ಢಂ ಢಂ ಎಂದು ಎರಡೂ ನಳಿಗೆ ಬಿಟ್ಟ.

ಇಡೀ ಊರು ಬಿಳಿ ಬಟ್ಟೆಯಲ್ಲಿ ಹೊರಟಿತು. ಹೆಂಗಸರು ನೇರವಾಗಿ ಪೆಮ್ಮಯ್ಯನ ಮಂಚದ ಬಳಿಗೆ ಹೋಗಿ ಗೋಳಾಡತೊಡಗಿದರು. ಮುದುಕ ಕಣ್ಣು ಬಿಟ್ಟು, “ಯಾರು ಹೋದದ್ದು?” ಎಂದ. ಒಬ್ಬಾಕೆ ಬಾಯಿ ತಪ್ಪಿ, “ನೀವೇ!” ಎಂದುಬಿಟ್ಟಳು. ಪೆಮ್ಮಯ್ಯ ಕೆಮ್ಮು ಬರುವ ತನಕ ನಕ್ಕ.

ಪಳಂಗಪ್ಪ ನಗಲಿಲ್ಲ. ಸಂತೆಯ ದಾರಿಯಲ್ಲಿ ಆ ಎರಡು ಗುಂಡು ಕೇಳಿ, ಅಪ್ಪ ಹೋದ ಎಂದುಕೊಂಡು, ಸಾಮಾನು ಎಸೆದು ಓಡಿ ಬಂದಿದ್ದ. ಮೊಣಕಾಲು ಒಡೆದಿತ್ತು. ಅಂಗಳದ ನಡುವೆ ನಿಂತು ತಮ್ಮನ ಕೈಯಿಂದ ನನ್ನನ್ನು ಕಿತ್ತುಕೊಂಡ.

“ಅಪ್ಪ ಉಸಿರಾಡುವಾಗ ಅಪ್ಪನ ಸಾವು ಕೂಗಿಸಿದೆ. ಇನ್ನು ಮುಟ್ಟಬೇಡ.”

“ಅಣ್ಣ, ಅವಳಿ...”

“ಮುಟ್ಟಬೇಡ ಅಂದೆ.”

ಚಿಟ್ಟಿಯಪ್ಪ ಅದೇ ವರ್ಷ ಮನೆಯ ಕೆಳಗೆ ಹರಿಯುವ ತೋಡಿನ ಆಚೆ ಬೇರೆ ಮನೆ ಕಟ್ಟಿಕೊಂಡ. ಕೂಗಿದರೆ ಕೇಳುವಷ್ಟೇ ದೂರ. ಆದರೆ ಯಾರೂ ಕೂಗಲಿಲ್ಲ. ಪೆಮ್ಮಯ್ಯ ನಿಜವಾಗಿ ತೀರಿದ ದಿನ ಚಿಟ್ಟಿಯಪ್ಪ ಬಂದು, ಹೆಣಕ್ಕೆ ಹೆಗಲು ಕೊಟ್ಟು, ನನ್ನ ಕಡೆ ನೋಡದೆ ಹೋದ. ಕೋವಿ, ಕತ್ತಿ, ನೇಗಿಲುಗಳನ್ನೆಲ್ಲ ದೀಪದೆದುರು ಇಟ್ಟು ಪೂಜೆ ಮಾಡುವ ಕೈಲ್ ಮುಹೂರ್ತಕ್ಕೆ ಮಾತ್ರ ಬರಲೇ ಇಲ್ಲ. ಪಳಂಗಪ್ಪನಿಗೆ ಮಕ್ಕಳಿರಲಿಲ್ಲ. ಹಬ್ಬದ ದಿನ ಅವನ ಹೆಂಡತಿ ಬೊಳ್ಳವ್ವ ಕಡುಬು, ಹಂದಿಸಾರು ಬಡಿಸಿ ಒಂದು ಎಲೆಯನ್ನು ಖಾಲಿ ಬಿಡುತ್ತಿದ್ದಳು. ಪಳಂಗಪ್ಪ ನೋಡಿಯೂ ನೋಡದವನಂತೆ ಉಣ್ಣುತ್ತಿದ್ದ. ಹೀಗೆ ಮೂವತ್ತಕ್ಕಿಂತ ಹೆಚ್ಚು ಹಬ್ಬ ಕಳೆದವು. ಅವನ ಕೂದಲು ಬೆಳ್ಳಗಾಯಿತು, ನನ್ನ ನಳಿಗೆಯ ಕಪ್ಪು ಮಾಸಿತು.

ಅಂಥ ಒಂದು ಹಬ್ಬಕ್ಕೆ ರಂಗಸ್ವಾಮಿ ಬಂದಿದ್ದ. ಹಾಸನದ ಕಡೆಯವನು, ಪಕ್ಕದ ತೋಟವನ್ನು ಭೋಗ್ಯಕ್ಕೆ ಹಿಡಿದವನು. ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಪೂಜೆಗೆಂದು ನನ್ನ ಬಾಯಿಗೆ ಸಿಕ್ಕಿಸಿದ್ದ ಕೆಂಪು ಹಳದಿ ಕೋವಿಹೂವನ್ನು ಆಸೆಯಿಂದ ನೋಡಿದ.

“ನೀವೇ ಪುಣ್ಯವಂತರು ಕಣ್ರೀ, ಪಳಂಗಪ್ಪನವರೇ. ಪೇಪರ್ ನೋಡಿದ್ರಾ? ಅಮೆರಿಕದಲ್ಲಿ ಒಂದರ ಹಿಂದೆ ಒಂದು ರಾಜ್ಯ ಪರ್ಮಿಟ್ಟೇ ಬೇಡ ಅಂತಿದಾವಂತೆ. ಸೊಂಟಕ್ಕೆ ಸಿಕ್ಕಿಸ್ಕೊಂಡು ಸೀದಾ ಅಂಗಡಿಗೆ ಹೋಗ್ಬೋದಂತೆ. ಇಲ್ಲೂ ಹಂಗೇ ಮಾಡ್ಬೇಕು. ನಿಮ್ಮಂಗೆ ಯಾರೂ ಕೇಳೋರಿಲ್ದಂಗೆ ಇರ್ಬೇಕು.”

“ನಮ್ಮನ್ನು ಕೇಳುವವರಿಲ್ಲ ಅಂತ ಯಾರು ಹೇಳಿದ್ದು?” ಎಂದ ಪಳಂಗಪ್ಪ.

“ಯಾರಿದಾರೆ?”

ಪಳಂಗಪ್ಪ ತೂಗುದೀಪವನ್ನು ತೋರಿಸಿದ. ಬೊಳ್ಳವ್ವ ಸಾರು ಬಡಿಸುತ್ತ, “ದೀಪ ಕೇಳ್ತದೋ ಇಲ್ಲವೋ, ಇವರಂತೂ ಕೇಳ್ತಾರೆ. ತೋಡಿನಾಚೆಯವರನ್ನು ವಿಚಾರಿಸಿ ನೋಡಿ,” ಎಂದಳು. ಖಾಲಿ ಎಲೆಯ ಮುಂದೆ ನಿಂತೇ ಅಂದಳು. ಪಳಂಗಪ್ಪ ಎಲೆ ಮಡಚಿ ಎದ್ದ.

ಅದಾಗಿ ಮೂರು ತಿಂಗಳಿಗೆ, ಪೈರು ಹಣ್ಣಾಗಿದ್ದಾಗ, ಮುಂಜಾನೆ ಗದ್ದೆಯ ಕಡೆಯಿಂದ ಸದ್ದು ಕೇಳಿತು. ಹಂದಿ ಇರಬೇಕೆಂದು ಪಳಂಗಪ್ಪ ನನ್ನನ್ನು ಇಳಿಸಿದ. ಎಂದಿನಂತೆ ಒಂದೇ ತೋಟಾ ತುಂಬಿದ. ಹಿತ್ತಲಿಗೆ ಬಂದು ನೋಡಿದರೆ ಮಂಜಿನೊಳಗಿಂದ ಒಂಟಿ ಸಲಗ. ಅದು ಮೆಲ್ಲಗೆ ದನದ ಕೊಟ್ಟಿಗೆಯ ಕಡೆಗೆ ತಿರುಗಿತು. ಕೊಟ್ಟಿಗೆಯೊಳಗೆ ಬೊಳ್ಳವ್ವ ಹಾಲು ಕರೆಯುತ್ತಿದ್ದಳು. ಅವಳ ಕಿವಿ ಮೊದಲಿನಷ್ಟು ಚುರುಕಿರಲಿಲ್ಲ.

ಪಳಂಗಪ್ಪನ ಕೈ ಜೇಬಿಗೆ ಹೋಯಿತು. ಎರಡನೆಯ ನಳಿಗೆಗೂ ತೋಟಾ ಬಿತ್ತು. ಆಕಾಶಕ್ಕೆ ಒಂದು ಗುಂಡು. ಸಲಗ ಕಿವಿ ಅಗಲಿಸಿತು, ನಿಂತಿತು, ಮತ್ತೆ ಒಂದು ಹೆಜ್ಜೆ ಕೊಟ್ಟಿಗೆಯತ್ತ ಇಟ್ಟಿತು. ಎರಡನೆಯ ಗುಂಡು. ಆನೆ ಬೇಲಿ ಮುರಿದುಕೊಂಡು ಕಾಡಿಗಿಳಿಯಿತು.

ಬೊಳ್ಳವ್ವ ತಂಬಿಗೆ ಹಿಡಿದು ಹೊರಬಂದಳು. ಮುರಿದ ಬೇಲಿ ನೋಡಿದಳು. ಗಂಡನ ಮುಖ ನೋಡಿದಳು.

“ಎರಡು ಹೊಡೆದಿರಾ?”

“ಹೊಡೆದೆ.”

“ಅಯ್ಯೋ, ಹಾಲು ಸಾಲುದಿಲ್ಲ! ಊರೆಲ್ಲ ಬರ್ತದೆ ಈಗ,” ಎಂದು ಅವಳು ಒಲೆಯ ಕಡೆ ಓಡಿದಳು.

ಎಲ್ಲರಿಗಿಂತ ಮೊದಲು ಬಂದವನು ಚಿಟ್ಟಿಯಪ್ಪ. ತೋಡು ದಾಟಲು ಹಾಕಿದ ಮರದ ಸಂಕದವರೆಗೆ ಹೋಗದೆ ನೀರಿಗೇ ಇಳಿದಿದ್ದ. ಸೊಂಟದ ತನಕ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಬಿಳಿ ಪಂಚೆ ಅರ್ಧ ಸುತ್ತಿತ್ತು, ಅರ್ಧ ಕೈಯಲ್ಲಿತ್ತು. “ಅಣ್ಣಾ, ಅಣ್ಣಾ” ಎಂದು ಚಿಕ್ಕ ಹುಡುಗನಂತೆ ಅಳುತ್ತ ಮೆಟ್ಟಿಲು ಹತ್ತಿದ. ಹತ್ತಿ ನೋಡಿದರೆ ಅಣ್ಣ ಜಗಲಿಯಲ್ಲಿ ನನ್ನನ್ನು ಮಡಿಲಲ್ಲಿಟ್ಟು ಕೂತಿದ್ದಾನೆ.

“ನೀನು ಸಾಯ್ಲಿಲ್ವಾ?”

“ಇಲ್ಲ.”

“ಅತ್ತಿಗೆ?”

“ಕಾಫಿ ಕಾಯಿಸ್ತಾ ಇದ್ದಾಳೆ.”

“ಮತ್ತೆ ಎರಡು ಕೇಳಿತಲ್ಲ, ಮಾರಾಯ!”

“ಆನೆ. ನಿನ್ನ ಅತ್ತಿಗೆ ಕೊಟ್ಟಿಗೆಯಲ್ಲಿದ್ದಳು. ಒಂದಕ್ಕೆ ಹೋಗಲಿಲ್ಲ.”

ಚಿಟ್ಟಿಯಪ್ಪ ಮೆಟ್ಟಿಲ ಮೇಲೆ ಕೂತ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: “ನನ್ನದು ಅವಳಿ ಆಗಿತ್ತು, ಅಣ್ಣ.”

ಅಂಗಳ ತುಂಬ ಬಿಳಿ ಬಟ್ಟೆ ಸೇರಿತು. ನಡೆದದ್ದು ತಿಳಿದು ಜನ ಹಗುರಾದರು. “ಸತ್ತವನ ಜೊತೆಗೇ ಕೂತು ಕಾಫಿ ಕುಡಿಯುವ ಭಾಗ್ಯ ಯಾರಿಗುಂಟು!” ಎಂದು ಯಾರೋ ನಗಿಸಿದರು. ಬೊಳ್ಳವ್ವ, “ಅಳುವವರು ಬೇಗ ಅತ್ತು ಮುಗಿಸಿ, ಕಡುಬು ಆರ್ತದೆ,” ಎಂದಳು. ಪಳಂಗಪ್ಪ ಮಾತ್ರ ಎದ್ದು ನಿಂತು ಕೈ ಎತ್ತಿದ.

“ಈ ಮನೆಯ ಮೂರನೇ ಮಾತು ನಿಮಗೆಲ್ಲ ಗೊತ್ತು. ಇವತ್ತು ನಾನು ತಪ್ಪಿದೆ. ಇನ್ನು ನಾನು ಇದನ್ನು ಮುಟ್ಟುದಿಲ್ಲ.”

ರಂಗಸ್ವಾಮಿಯೂ ಓಡಿ ಬಂದಿದ್ದ. “ಏನ್ರೀ ಇದು! ಆನೆ ಬಂದಿತ್ತು, ಹೆದರಿಸಿದ್ರಿ. ಕಾನೂನು ನಿಮ್ಮನ್ನ ಏನೂ ಕೇಳಲ್ಲ.”

“ಕಾನೂನು ಕೇಳುದಿಲ್ಲ. ಅದಕ್ಕೇ ನಾನು ಕೇಳ್ಕೊಬೇಕು. ನಾವೂ ಕೇಳದೆ ಬಿಟ್ಟರೆ ಇದು ಬರೀ ಕಬ್ಬಿಣ, ರಂಗಸ್ವಾಮಿ.”

ಆಮೇಲೆ ತಮ್ಮನ ಕಡೆಗೆ ತಿರುಗಿದ. “ಹೆಂಡತಿಯ ಜೀವಕ್ಕಾಗಿ ನಾನು ಹೊಡೆದೆ. ಮಕ್ಕಳ ಸಂತೋಷಕ್ಕೆ ನೀನು ಹೊಡೆದೆ. ನನ್ನದು ತಪ್ಪಲ್ಲ ಅಂತಾದರೆ ನಿನ್ನದೂ ಅಲ್ಲ. ನಿನ್ನದು ತಪ್ಪಾದರೆ ನನ್ನದೂ ತಪ್ಪೇ. ನೀನು ಅನುಭವಿಸಿ ಆಯ್ತು, ಇನ್ನು ನನ್ನ ಸರದಿ. ಹಿಡಿ.”

ಚಿಟ್ಟಿಯಪ್ಪ ನನ್ನನ್ನು ತೆಗೆದುಕೊಳ್ಳಲಿಲ್ಲ. “ನಾನು ಒರೆಸಿದರೆ ನಿನಗೆ ಸರಿ ಕಾಣುದಿಲ್ಲ, ಅಣ್ಣ,” ಎಂದ.

“ಹೇಳಿಕೊಡ್ತೇನೆ. ನೀನು ಹಿಡಿ ಮೊದಲು.”

ಆಗ ಹಿಡಿದ. ಆ ಕೈ ನನಗೆ ಮರೆತಿರಲಿಲ್ಲ. ಬೆವರು ಜಾಸ್ತಿ, ಹಿಡಿತ ಬಲು ಹಗುರ. ಅಂಗಳದಲ್ಲಿದ್ದ ಹಿರಿಯರು ಅಂದೇ ಕೂತು ಹಳೆಯ ಮಾತಿಗೆ ಒಂದು ತಿದ್ದುಪಡಿ ಮಾಡಿದರು: ಅವಳಿ ಹುಟ್ಟಿದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಆನೆಗೆ ಕೋವಿ ಬೇಡ, ಪಟಾಕಿ, ತಮಟೆ ಸಾಕು. ಬೊಳ್ಳವ್ವ ಮಾತ್ರ ಒಪ್ಪಲಿಲ್ಲ. “ನಾನು ಕೊಟ್ಟಿಗೆಯಲ್ಲಿದ್ದರೆ ಎರಡಲ್ಲ, ನಾಲ್ಕು ಹೊಡೀರಿ,” ಎಂದಳು.

ಪಳಂಗಪ್ಪ ಮಾತಿಗೆ ತಪ್ಪಲಿಲ್ಲ. ಹಬ್ಬದ ದಿನ ನನ್ನಿಂದ ಒಂದು ಮಾರು ದೂರ ಕೈ ಕಟ್ಟಿ ಕೂತು, “ಅಲ್ಲಿ, ನಳಿಗೆ ಮಡಚುವ ಹತ್ತಿರ ಎಣ್ಣೆ ಸಾಲದು. ಮೆಲ್ಲಗೆ, ಅದೇನು ಪಾತ್ರೆಯಾ?” ಎಂದು ಬೈದು ಒರೆಸಿಸುತ್ತಿದ್ದ. ತಮ್ಮ ಬೇಕೆಂತಲೇ ತಪ್ಪಾಗಿ ಒರೆಸುತ್ತಿದ್ದ, ಇನ್ನೂ ನಾಲ್ಕು ಮಾತು ಬೈಯಲಿ ಎಂದು. ಎಲೆಗಳಲ್ಲಿ ಯಾವುದೂ ಖಾಲಿ ಉಳಿಯಲಿಲ್ಲ. ನನ್ನ ಬದುಕಿನಲ್ಲಿ ಹೆಮ್ಮೆಯ ಕಾಲ ಯಾವುದು ಎಂದು ಕೇಳಿದರೆ ದೊರೆಯ ಬೆಂಕಿಗೂಡನ್ನು ನಾನು ಹೇಳುವುದಿಲ್ಲ, ಪಂದ್ಯದಲ್ಲಿ ಒಡೆದ ತೆಂಗಿನಕಾಯಿಗಳನ್ನೂ ಹೇಳುವುದಿಲ್ಲ. ಆ ಹಬ್ಬಗಳನ್ನೇ ಹೇಳುತ್ತೇನೆ.

ನಾಲ್ಕನೆಯ ಹಬ್ಬ ಕಳೆದ ಮೇಲೆ, ಒಂದು ಮಧ್ಯಾಹ್ನ ಊಟ ಮುಗಿಸಿ ಮಲಗಿದ ಪಳಂಗಪ್ಪ ಏಳಲಿಲ್ಲ. ಚಿಟ್ಟಿಯಪ್ಪ ನನ್ನನ್ನು ಅಂಗಳಕ್ಕೆ ತಂದ. ಎರಡೂ ನಳಿಗೆಗೆ ತೋಟಾ ಹಾಕಿ ಅತ್ತಿಗೆಯ ಕಡೆ ತಿರುಗಿ ನೋಡಿದ. “ಹೊಡಿ, ಚಿಟ್ಟಿಯಪ್ಪ. ಈ ಸಲ ನಿಜ,” ಎಂದಳು ಬೊಳ್ಳವ್ವ ಬಾಗಿಲಿಂದ.

ಹೊಡೆದ. ಎರಡು. ಊರು ಬಂತು. ಏನಾಯಿತೆಂದು ಯಾರೂ ಕೇಳಲಿಲ್ಲ.

ಈಗ ನಾನು ದೀಪದ ಪಕ್ಕದ ಮೂಲೆಯಲ್ಲಿದ್ದೇನೆ. ನಳಿಗೆಯ ಒಳಗೆ ಸಣ್ಣಗೆ ತುಕ್ಕು ಹಿಡಿದಿದೆ, ಹಿಡಿಯ ಮರ ಒಂದು ಕಡೆ ಸೀಳಿದೆ. ಮುಂದೆ ಯಾವ ದೇಶದಲ್ಲಿ ಯಾರಿಗೆ ಪರ್ಮಿಟ್ ಬೇಡವಾಗುತ್ತದೋ ನನಗೆ ತಿಳಿಯದು. ನನಗೆ ಗೊತ್ತಿರುವುದು ಈ ಒಂದು ಮನೆಯ ಲೆಕ್ಕ. ಇಲ್ಲಿ ಪೊಲೀಸರು ಕೇಳಲಿಲ್ಲ, ಅಣ್ಣ ಕೇಳಿದ. ಮೊದಲು ತಮ್ಮನನ್ನು ಕೇಳಿದ, ಆಮೇಲೆ ತನ್ನನ್ನೇ ಕೇಳಿಕೊಂಡ. ನನ್ನಿಂದ ಈ ಮನೆಯಲ್ಲಿ ಒಂದು ಜೀವವೂ ಹೋಗಲಿಲ್ಲ. ಅಣ್ಣತಮ್ಮಂದಿರಿಗೆ ಮೂವತ್ತು ಚಿಲ್ಲರೆ ವರ್ಷ ಹೋಯಿತು, ನಾಲ್ಕು ವರ್ಷ ಸಿಕ್ಕಿತು.