ಕೊಲಿಬ್ರಿಗೆ ಬೆಲ್ಲದ ನೀರು

ಆರ್ನುಲ್ಫೊನ ಎಡಗೈ ಎಡಗಾಲು ಬಿದ್ದುಹೋಗಿ ಎಂಟು ತಿಂಗಳಾಗಿತ್ತು. ನಲವತ್ತು ವರ್ಷ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು, ಕುದಿವ ಹಾಲಿನ ನೊರೆ ತೆಗೆದು, ಬೆಲ್ಲದ ಹದ ನೋಡಿದವನಿಗೆ ಈಗ ನೋಡಲು ಉಳಿದದ್ದು ಹಿತ್ತಿಲ ಕಿಟಕಿಯೊಂದೇ. ಅದರಾಚೆಯ ಸೀಬೆ ಮರಕ್ಕೆ ಹೆಂಡತಿ ಒಬ್ದೂಲಿಯ ಸಿಹಿನೀರಿನ ಮೂರು ಬಾಟಲಿ ತೂಗುಹಾಕಿದ್ದಳು. ಅಲ್ಲಿಗೆ ಕೊಲಿಬ್ರಿಗಳು ಬರುತ್ತಿದ್ದವು. ಹೆಬ್ಬೆರಳಷ್ಟು ಹಕ್ಕಿ, ಗಾಳಿಯಲ್ಲೇ ನಿಂತು ಕೊಕ್ಕು ಚಾಚುವಂಥದು. ಅವು ಜಗಳವಾಡಿಕೊಂಡು ಬಂದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಮೊದಲು ಅವಳು ಬಿಳಿ ಸಕ್ಕರೆ ಹಾಕುತ್ತಿದ್ದಳು. ತಡೆದವನು ಅವನೇ.

“ಆಲೆಮನೆಯವನ ಹಿತ್ತಲಲ್ಲಿ ಅಂಗಡಿ ಸಕ್ಕರೆನಾ? ನಾಚಿಕೆ ಆಗಲ್ವಾ ಮುದುಕಿ? ಬಾಣಂತಿಗೆ ಬೆಲ್ಲದ ನೀರು, ಜ್ವರದವರಿಗೆ ಬೆಲ್ಲದ ನೀರು. ಅಷ್ಟು ರೆಕ್ಕೆ ಬಡಿಯೋ ಪ್ರಾಣಿಗೆ ಬೇಡ್ವಾ?”

ಅವಳಿಗೂ ಸರಿಯೆನಿಸಿತು; ಅಂದಿನಿಂದ ಬಾಟಲಿಗಳಿಗೆ ಬೆಲ್ಲದ ನೀರು ತುಂಬಿದಳು. ಆ ಬೆಟ್ಟದಲ್ಲಿ ಯಾರನ್ನು ಕೇಳಿದ್ದರೂ ಸರಿಯೆನ್ನುತ್ತಿದ್ದರು.

ಆರನೇ ವಾರ ಮರದ ಬುಡದಲ್ಲಿ ಒಂದು ಹಕ್ಕಿ ಸತ್ತು ಬಿದ್ದಿತ್ತು. ಮರುವಾರ ಎರಡು. ಒಬ್ದೂಲಿಯ ಯಾರಿಗೂ ಹೇಳದೆ ಕಾಫಿ ಗಿಡದ ಕೆಳಗೆ ಹೂತಳು. ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತು ಒಬ್ದೂಲಿಯಳಿಗೆ ‘ಕೊಮಾದ್ರೆ’ಯಾದ ನೊಹೇಮಿ, ಹಕ್ಕಿ ನೋಡಲು ಬರುವವರ ವಸತಿಗೃಹದಲ್ಲಿ ಅಡುಗೆ ಮಾಡುವವಳು, ಒಂದು ದಿನ ಬಂದು ಬಾಟಲಿ ಮೂಸಿ ಮುಖ ಸಿಂಡರಿಸಿದಳು.

“ಬೆಲ್ಲ ಹಾಕಿದ್ದೀರಾ ಕೊಮಾದ್ರೆ? ಬೆಲ್ಲದಲ್ಲಿರೋ ಕಬ್ಬಿಣ ನಮಗೆ ರಕ್ತ, ಇವಕ್ಕೆ ವಿಷ. ನಮ್ಮಲ್ಲಿ ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ.”

“ಮೆಲ್ಲಗೆ ಮಾತಾಡಿ. ಒಳಗೆ ಕೇಳುತ್ತೆ.”

“ಅವರಿಗೆ ಯಾಕೆ ಹೇಳ್ತೀರಾ? ಸಕ್ಕರೆ ನೀರಿಗೆ ನಾಲ್ಕು ಹನಿ ಕಾಫಿ ಬಿಡಿ, ಬೆಲ್ಲದ ಬಣ್ಣ ಬರುತ್ತೆ.”

“ಹಕ್ಕಿಗೆ ಕಾಫಿ ಕುಡಿಸಿ, ಗಂಡನಿಗೆ ಟೋಪಿ ಹಾಕ್ಲಾ? ಒಳ್ಳೇ ಬುದ್ಧಿ ಹೇಳ್ತೀರಾ!”

ಆದರೆ ನೊಹೇಮಿ ಹೋದ ಮೇಲೆ ಒಬ್ದೂಲಿಯ ಅಂಗಳದಲ್ಲೇ ಬಹಳ ಹೊತ್ತು ನಿಂತಳು. ನಿಮ್ಮ ಬೆಲ್ಲವೇ ಕೊಂದಿತು ಎಂದರೆ ಅವನ ಉಳಿದರ್ಧ ಮೈಯೂ ಬಿದ್ದುಹೋದೀತು. ಹೇಳದಿದ್ದರೆ ನಡೆಯುತ್ತದೆ. ಏಳಲಾರದವನನ್ನು ನಂಬಿಸುವುದು ಸುಲಭ. ಅಷ್ಟು ಸುಲಭ ಎಂಬುದೇ ಅವಳಿಗೆ ಹೇಸಿಗೆ ತಂದಿತು.

ಬಾಟಲಿಗಳನ್ನು ಇಳಿಸಿ, ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು.

“ಎಷ್ಟು ಸತ್ತವು?”

“ಮೂರು.”

“ನಾಲ್ಕು,” ಎಂದ. “ಒಂದು ನನ್ನ ಕಣ್ಣೆದುರೇ ಬಿತ್ತು. ಬೆಕ್ಕು ಎತ್ಕೊಂಡು ಹೋಯ್ತು. ನಿಂಗೆ ಹೇಳ್ಲಿಲ್ಲ.”

ಗೋಡೆಯ ಕಡೆಗೆ ಮುಖ ತಿರುಗಿಸಿದವನು ಅಂದು ಸಾರನ್ನೂ ಮುಟ್ಟಲಿಲ್ಲ. ಅವಳು ಒತ್ತಾಯಿಸಲಿಲ್ಲ.

ಬೆಳಿಗ್ಗೆ ಒಲೆಯ ಸದ್ದು ಕೇಳಿ ಕೂಗಿದ.

“ಏನಿಟ್ಟಿದ್ದೀ?”

“ಸಕ್ಕರೆ ನೀರು.”

“ಕುದಿ ಬಂತಾ?”

“ಬಂತು.”

“ನೊರೆ ತೆಗಿ.”

“ಇದ್ರಲ್ಲಿ ನೊರೆ ಬರಲ್ಲ ಕಣ್ರೀ.”

“ಗೊತ್ತು. ಆದ್ರೂ ತೆಗಿ.”

ಅವಳು ಸೌಟು ಹಿಡಿದು ತಿಳಿನೀರಿನ ಮೇಲೆ ಅಂಚಿನಿಂದ ಅಂಚಿಗೆ ನಿಧಾನವಾಗಿ ಎಳೆದಳು.

“ಇನ್ನೊಂದ್ಸಲ,” ಎಂದ ಒಳಗಿನಿಂದ.

ಮತ್ತೆ ಎಳೆದಳು.