ಸೀರೆಯ ಗಂಟು

೧೯೫೬ರಲ್ಲಿ ಚರ್ಮದ ಕ್ಯಾನ್ಸರ್ ಸಂಶೋಧನೆಗೆ ಚಂದಾ ಎತ್ತಲು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಸಭೆ ನಡೆಯಿತು. ಅಧ್ಯಕ್ಷರು ಜವಳಿ ಅಂಗಡಿಯ ವೀರಭದ್ರಸ್ವಾಮಿ. ಆ ಕಾಯಿಲೆಯಿಂದ ಬದುಕಿ ಬಂದ ಶಿವರುದ್ರಮ್ಮನನ್ನು ವೇದಿಕೆಯ ಮೇಲೆ ಕೂರಿಸಿದ್ದರು.

ನಲವತ್ತು ವರ್ಷ ಸೀರೆಯ ಗಂಟನ್ನು ಒಂದೇ ಜಾಗದಲ್ಲಿ ಬಿಗಿದು ಅವಳ ಸೊಂಟ ಕಪ್ಪಾಗಿ, ಆಮೇಲೆ ಹುಣ್ಣಾಗಿತ್ತು. ಮೈಸೂರಿನ ಡಾಕ್ಟರು ಅದನ್ನು ಕೊಯ್ದು ತೆಗೆದಿದ್ದರು. ಈಗ ಸೊಸೆ ನೀಲಾಂಬಿಕೆಯ ಸೊಂಟವೂ ಕಪ್ಪಾಗುತ್ತಿತ್ತು. ಅತ್ತೆಯು ಮನೆಯಲ್ಲೇ ಎಚ್ಚರಿಸಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಸಭೆಯಲ್ಲಿ ಹೇಳಿದರೆ ಕೇಳಿಯಾಳು ಎಂದೇ ಶಿವರುದ್ರಮ್ಮ ಬಂದಿದ್ದಳು.

"ಸೊಂಟ ಅನ್ಬ್ಯಾಡಿ ಕಣಮ್ಮ, ಗಂಡಸ್ರು ಕುಂತವ್ರೆ. ಕೈಗಾಗಿತ್ತು ಅನ್ನಿ," ಎಂದರು ಅಧ್ಯಕ್ಷರು ಮೆಲ್ಲಗೆ.

"ಕೈಗೆ ಸೀರೆ ಕಟ್ತಾರಾ ಸ್ವಾಮಿ?"

"ಸೀರೆ ಸುದ್ದಿ ಮೊದ್ಲೇ ಬ್ಯಾಡ."

ಶಿವರುದ್ರಮ್ಮ ಎದ್ದು ನಿಂತಳು. "ಅವ್ವದೀರಾ, ಸೊಂಟದ ಗಂಟು ಸಡ್ಲ ಮಾಡ್ಕಳಿ. ದಿನಾ ಜಾಗ ಬದ್ಲಾಯ್ಸಿ. ಕಪ್ಪಾಗಿದ್ರೆ ಡಾಕ್ಟ್ರಿಗೆ ತೋರ್ಸಿ. ಬಿಗಿಯಾಗಿ ಪಂಚೆ ಕಟ್ಟೋ ಗಂಡಸ್ರಿಗೂ ಇದೇ ಮಾತು ಕಣ್ರಪ್ಪ."

ಗಂಡಸರೆಲ್ಲ ನೆಲ ನೋಡಿದರು. ಅಧ್ಯಕ್ಷರು ಗಡಿಬಿಡಿಯಿಂದ ಎದ್ದು, ಈ ರೋಗದ ಕಾರಣ ಇನ್ನೂ ನಿಗೂಢವಾಗಿದೆ, ಅದಕ್ಕೇ ಸಂಶೋಧನೆ ಬೇಕು ಎಂದು ಭಾಷಣ ಶುರುಮಾಡಿದರು. ಹಿಂದಿನ ಸಾಲಿನಲ್ಲಿ ನೀಲಾಂಬಿಕೆ ಅತ್ತೆಯನ್ನು ಬೈದುಕೊಳ್ಳುತ್ತಲೇ ಸೆರಗಿನ ಮರೆಯಲ್ಲಿ ಗಂಟು ಸಡಿಲಿಸಿಕೊಂಡಳು.